ತಳವಾರನಿಂದ ಠಾಣೆಯವರೆಗೆ – ನಮ್ಮ ಹೊಸೂರು ಸೀಮೆಯ ಪೊಲೀಸ್ ಚರಿತ್ರೆ



ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯ ಅನೇಕ ಹಳ್ಳಿಗಳಲ್ಲಿ ವೀರಗಲ್ಲುಗಳಿವೆ. ಕೆರೆ ಏರಿಯ ಮೇಲೋ, ಹುಣಸೆ ಮರದ ಬುಡದಲ್ಲೋ, ಹೊಲದ ಬದುವಿನಲ್ಲೋ ಕತ್ತಿ ಹಿಡಿದು ನಿಂತ ವೀರನ ಕಲ್ಲನ್ನು ನೀವೂ ನೋಡಿರುತ್ತೀರಿ. ಒಮ್ಮೆ ಏಳನೇ ತರಗತಿಯ ಮಕ್ಕಳನ್ನು ಅಂಥದ್ದೊಂದು ಕಲ್ಲಿನ ಬಳಿಗೆ ಕರೆದುಕೊಂಡು ಹೋಗಿದ್ದೆವು. ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರ ಜೊತೆ ಹೋರಾಡಿ ಸತ್ತವರಿಗೆ ಊರವರು ಇಂಥ ಕಲ್ಲು ನಿಲ್ಲಿಸುತ್ತಿದ್ದರು ಎಂದು ವಿವರಿಸಿದೆವು. ಹಿಂದೆ ನಿಂತಿದ್ದ ಒಬ್ಬ ಹುಡುಗ ಕೇಳಿದ, "ಸಾರ್, ಆಗ ಪೊಲೀಸ್ ಇರಲಿಲ್ವಾ?"

ಮಕ್ಕಳೆಲ್ಲ ನಕ್ಕರು. ಆದರೆ ಪ್ರಶ್ನೆ ಚೆನ್ನಾಗಿತ್ತು! ಪೊಲೀಸರು ನಮ್ಮ ಸೀಮೆಗೆ ಯಾವಾಗ ಬಂದರು? ಅವರಿಗಿಂತ ಮೊದಲು ಊರು ಕಾಯುತ್ತಿದ್ದವರು ಯಾರು? ಪಠ್ಯಪುಸ್ತಕದಲ್ಲಿ ಇದಕ್ಕೆ ಪಾಠವಿಲ್ಲ. ಆದ್ದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಊರು ಕಾಯುತ್ತಿದ್ದವರು

ಹಳೆಯ ಕನ್ನಡ ಶಾಸನಗಳಲ್ಲಿ ‘ತುರುಗೋಳ್’, ‘ಊರಳಿವು’, ‘ಪೆಣ್ಬುಯ್ಯಲ್’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನ ಹಿಡಿಯುವುದು, ಊರು ಹಾಳು ಮಾಡುವುದು, ಹೆಣ್ಣುಮಕ್ಕಳ ಮಾನಕ್ಕೆ ಕೈ ಹಾಕುವುದು. ಇವುಗಳನ್ನು ತಡೆಯಲು ಹೋಗಿ ಸತ್ತವನೇ ವೀರ. ಅಂದರೆ ಕಾವಲು ಎಂಬುದು ಆಗ ಊರಿನದೇ ಕೆಲಸವಾಗಿತ್ತು.

ಮುಂದೆ ಹಳ್ಳಿಯ ಆಯಗಾರರಲ್ಲಿ ಕಾವಲಿಗೆಂದೇ ಒಬ್ಬನಿದ್ದ. ಅವನೇ ತಳವಾರ. ತಮಿಳಿನಲ್ಲಿ ಇಂಥವನನ್ನು ತಲೈಯಾರಿ ಎನ್ನುತ್ತಾರೆ. ರಾತ್ರಿ ಗಸ್ತು ತಿರುಗುವುದು, ಹೊಸಬರು ಬಂದರೆ ಗೌಡನಿಗೆ ತಿಳಿಸುವುದು, ಕಳ್ಳನ ಹೆಜ್ಜೆ ಜಾಡು ಹಿಡಿದು ಹೋಗುವುದು ಅವನ ಕೆಲಸ. ಸಂಬಳವೆಂದು ಹಣವಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ರಾಗಿ ಪಡೆಯುತ್ತಿದ್ದ, ಇಲ್ಲವೇ ಇನಾಮು ಹೊಲ ಉಳುತ್ತಿದ್ದ. ಮೈಸೂರು ಸಂಸ್ಥಾನದಲ್ಲಿ ಇದರ ಮೇಲೆ ‘ಕಂದಾಚಾರ’ ಎಂಬ ಇಲಾಖೆ ಇತ್ತು. ಕಂದಾಚಾರದ ಪೇದೆಗಳು ಯುದ್ಧ ಬಂದರೆ ಸಿಪಾಯಿಗಳು, ಇಲ್ಲದಿದ್ದರೆ ಕಾವಲುಗಾರರು. 1799ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿಯುವವರೆಗೆ ನಮ್ಮ ಹೊಸೂರು ಮೈಸೂರಿನ ಆಳ್ವಿಕೆಯಲ್ಲೇ ಇತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಮನ್ರೋ ಸಾಹೇಬರು ಕಲಿತ ಪಾಠ

ಕೃಷ್ಣಗಿರಿ ಮೊದಲಾದ ಬಾರಾಮಹಲ್ ಪ್ರದೇಶವು 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿತ್ತು. ಘಟ್ಟದ ಮೇಲಿನ ಹೊಸೂರು ಸೀಮೆ, ಅಂದರೆ ‘ಬಾಲಾಘಾಟ್’, 1799ರಲ್ಲಿ ಸೇರಿತು. ಬಾರಾಮಹಲಿನ ಆಡಳಿತಕ್ಕೆ ಬಂದವರು ಅಲೆಕ್ಸಾಂಡರ್ ರೀಡ್. ಅವರ ಸಹಾಯಕರಲ್ಲಿ ಒಬ್ಬ ತರುಣ ಅಧಿಕಾರಿ ಥಾಮಸ್ ಮನ್ರೋ. 1792ರಿಂದ 1799ರವರೆಗೆ ಏಳು ವರ್ಷ ಅವರು ಈ ಸೀಮೆಯ ಹಳ್ಳಿ ಹಳ್ಳಿ ತಿರುಗಿದರು. ಗೌಡ, ಶಾನುಭೋಗ, ತಳವಾರ, ತೋಟಿ ಇವರೆಲ್ಲ ಸೇರಿ ಊರನ್ನು ನಡೆಸುವ ಬಗೆಯನ್ನು ಕಣ್ಣಾರೆ ಕಂಡರು.

ಅತ್ತ ಬಂಗಾಳದಲ್ಲಿ ಕಂಪನಿ ಸರ್ಕಾರ ದರೋಗಾ ಎಂಬ ಸಂಬಳದ ಪೊಲೀಸ್ ಅಧಿಕಾರಿಗಳನ್ನು ನೇಮಿಸಿತ್ತು. ಅದೇ ಪದ್ಧತಿಯನ್ನು 1802ರಲ್ಲಿ ಮದ್ರಾಸು ಪ್ರಾಂತ್ಯಕ್ಕೂ ತಂದರು. ಹೊರಗಿನಿಂದ ಬಂದ ದರೋಗಾನಿಗೆ ಊರೂ ತಿಳಿಯದು, ಜನರೂ ತಿಳಿಯರು. ಕಳ್ಳತನ ಕಡಿಮೆಯಾಗಲಿಲ್ಲ, ಲಂಚ ಹೆಚ್ಚಾಯಿತು. ಕೊನೆಗೆ ಮನ್ರೋ ಅವರ ಸಲಹೆಯಂತೆ 1816ರಲ್ಲಿ ಹನ್ನೊಂದನೇ ರೆಗ್ಯುಲೇಷನ್ ಬಂತು. ದರೋಗಾ ಹೋದ. ಊರಿನ ಮುಖ್ಯಸ್ಥನೇ ಪೊಲೀಸ್ ಮುಖ್ಯಸ್ಥನಾದ. ತಳವಾರ ಅವನ ಕೈಕೆಳಗಿನ ಆಳಾದ. ಮೇಲೆ ತಹಸೀಲ್ದಾರ, ಅವನ ಮೇಲೆ ಕಲೆಕ್ಟರ್.

ಹೀಗೆ ಊರಿನ ಮುಖ್ಯಸ್ಥನಾದವನನ್ನೇ ಗ್ರಾಮ ಮುನ್ಸೀಫ ಎಂದು ಕರೆದರು. ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಹೊಸೂರು ಬಳಿಯ ತೊರಪಳ್ಳಿಯಲ್ಲಿ. ಅವರ ತಂದೆ ಆ ಊರಿನ ಮುನ್ಸೀಫರಾಗಿದ್ದರು. 1950ರ ಡಿಸೆಂಬರಿನಲ್ಲಿ ಸರ್ದಾರ್ ಪಟೇಲರು ತೀರಿಕೊಂಡ ಮೇಲೆ ರಾಜಾಜಿಯವರೇ ಭಾರತದ ಗೃಹ ಮಂತ್ರಿಗಳಾದರು. ಒಂದು ಊರಿನ ಕಾವಲು ನೋಡಿಕೊಳ್ಳುತ್ತಿದ್ದವರ ಮಗ ಇಡೀ ದೇಶದ ಕಾವಲಿನ ಹೊಣೆ ಹೊತ್ತರು ಎಂದರೆ ನಮ್ಮ ಮಕ್ಕಳಿಗೆ ಎಷ್ಟು ಹೆಮ್ಮೆ!

ಮರದ ಕೋಳ

ಆದರೆ ಹಳೆಯದೆಲ್ಲ ಹೊನ್ನು ಎಂದು ಹೇಳುವಂತಿಲ್ಲ. 1816ರ ಅದೇ ರೆಗ್ಯುಲೇಷನ್‌ನಲ್ಲಿ ಇನ್ನೊಂದು ಮಾತಿದೆ. ಬೈಗುಳ, ಸಣ್ಣ ಹೊಡೆದಾಟದಂಥ ತಪ್ಪಿಗೆ ಊರಿನ ಮುಖ್ಯಸ್ಥನು ತಪ್ಪಿತಸ್ಥನನ್ನು ಹನ್ನೆರಡು ಗಂಟೆ ಮೀರದಂತೆ ಚಾವಡಿಯಲ್ಲಿ ಕೂಡಿಹಾಕಬಹುದು. ತಪ್ಪು ಮಾಡಿದವನು ‘ಕೆಳಜಾತಿ’ಯವನಾದರೆ ಆರು ಗಂಟೆಯವರೆಗೆ ಕಾಲಿಗೆ ಮರದ ಕೋಳ ತೊಡಿಸಬಹುದು!

ತಪ್ಪು ಒಂದೇ, ಶಿಕ್ಷೆ ಮಾತ್ರ ಜಾತಿ ನೋಡಿ. ಅದೂ ಕಾನೂನಿನ ಪುಸ್ತಕದಲ್ಲೇ! ಊರಿನ ಮುಖ್ಯಸ್ಥನಿಗೆ ನಮ್ಮ ಭಾಷೆ ತಿಳಿದಿತ್ತು, ನಮ್ಮ ಮನೆತನ ತಿಳಿದಿತ್ತು ನಿಜ. ಆದರೆ ಕೇರಿಯವನ ದೂರು ಆ ಚಾವಡಿಯ ಮೆಟ್ಟಿಲು ಹತ್ತುತ್ತಿತ್ತೇ? ‘ಅಂದಿನ ಕಾಲವೇ ಚೆಂದ’ ಎನ್ನುವ ಹಿರಿಯರು ಈ ಪ್ರಶ್ನೆಯನ್ನು ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು.

ಇನ್ನೊಂದು ದೋಷವೂ ಇತ್ತು. ಕಂದಾಯ ವಸೂಲಿ ಮಾಡುವ ಕೈಯೂ, ಕಳ್ಳನನ್ನು ಹಿಡಿಯುವ ಕೈಯೂ ಒಂದೇ ಆಗಿತ್ತು. ಕಂದಾಯ ಕಟ್ಟದ ರೈತನನ್ನು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವುದು, ‘ಕಿಟ್ಟಿ’ ಎಂಬ ಮರದ ಇಕ್ಕುಳದಲ್ಲಿ ಬೆರಳು ಹಿಸುಕುವುದು ನಡೆಯಿತು. ಇದು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಗಿ, ವಿಚಾರಣೆಗೆ ಮದ್ರಾಸಿನಲ್ಲಿ ಆಯೋಗ ನೇಮಕವಾಯಿತು. ದೂರದೂರದ ಜಿಲ್ಲೆಗಳಿಂದ ಜನ ಹೋಗಿ ತಮ್ಮ ಗೋಳು ಹೇಳಿಕೊಂಡರು. 1855ರಲ್ಲಿ ಬಂದ ಆಯೋಗದ ವರದಿ ಚಿತ್ರಹಿಂಸೆ ನಿಜವೆಂದು ಒಪ್ಪಿಕೊಂಡಿತು.

ಅದರ ಫಲವೇ 1859ರ ಮದ್ರಾಸು ಪೊಲೀಸ್ ಕಾಯಿದೆ. ಕಂದಾಯ ಇಲಾಖೆಯಿಂದ ಪೊಲೀಸನ್ನು ಬೇರೆ ಮಾಡಿದರು. ಪ್ರಾಂತ್ಯಕ್ಕೊಬ್ಬ ಇನ್ಸ್‌ಪೆಕ್ಟರ್ ಜನರಲ್, ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟ್, ಸಮವಸ್ತ್ರ, ತಿಂಗಳ ಸಂಬಳ, ಠಾಣೆ. ಮೊದಲ ಇನ್ಸ್‌ಪೆಕ್ಟರ್ ಜನರಲ್ ವಿಲಿಯಂ ರಾಬಿನ್ಸನ್. ಭಾರತದ ಇತರ ಪ್ರಾಂತ್ಯಗಳಿಗೆ ಪೊಲೀಸ್ ಕಾಯಿದೆ ಬಂದದ್ದು ಎರಡು ವರ್ಷದ ನಂತರ, 1861ರಲ್ಲಿ. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೇಲಂ ಜಿಲ್ಲೆಗೆ ಸೇರಿದ್ದ ನಮ್ಮ ಹೊಸೂರು ಸೀಮೆಯಲ್ಲಿ ಇಂದಿನ ರೀತಿಯ ಪೊಲೀಸರ ಕಥೆ 1859ರ ಕಾಯಿದೆಯಿಂದ ಶುರುವಾಗುತ್ತದೆ. ಪೊಲೀಸ್ ಇಲಾಖೆ ಹುಟ್ಟಿದ್ದು ಕಳ್ಳರ ಭಯದಿಂದ ಮಾತ್ರವಲ್ಲ, ಸರ್ಕಾರಿ ಆಳುಗಳ ಕ್ರೌರ್ಯದ ವಿರುದ್ಧ ಬಡವರು ಕೊಟ್ಟ ದೂರಿನಿಂದಲೂ ಹೌದು. ಇದನ್ನು ಪೊಲೀಸರೂ ಮರೆಯಬಾರದು, ನಾವೂ ಮರೆಯಬಾರದು.

ಗಡಿ ಬಂತು, ಭಾಷೆ ಬದಲಾಯಿತು

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾಯಿತು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿಯೂ ನಮ್ಮ ಹೊಸೂರು ಸೀಮೆಯೂ ಮದ್ರಾಸಿನಲ್ಲೇ ಉಳಿದವು. ಅದೇ ವರ್ಷ ತಮಿಳು ಆಡಳಿತ ಭಾಷೆಯಾಗುವ ಕಾಯಿದೆಯೂ ಬಂತು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ, 2004ರ ಫೆಬ್ರವರಿ 9ರಂದು ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆ ಬೇರೆಯಾಯಿತು. ಕೃಷ್ಣಗಿರಿಗೇ ಒಬ್ಬ ಎಸ್.ಪಿ. ಬಂದರು.

ಈ ನಡುವೆ 1980ರ ನವೆಂಬರಿನಲ್ಲಿ ಎಂ.ಜಿ.ಆರ್. ಸರ್ಕಾರ ವಂಶಪಾರಂಪರ್ಯ ಗ್ರಾಮಾಧಿಕಾರಿಗಳ ಹುದ್ದೆಯನ್ನೇ ರದ್ದು ಮಾಡಿತು. ಮುನ್ಸೀಫ, ಕರ್ಣಂ ಹೋದರು, ಪರೀಕ್ಷೆ ಬರೆದು ಆಯ್ಕೆಯಾದ ವಿ.ಎ.ಒ. ಬಂದರು. ಜಾತಿಯ ಹಿಡಿತ ಸಡಿಲವಾಯಿತು, ಅದು ಒಳ್ಳೆಯದೇ ಆಯಿತು. ಆದರೆ ನಮ್ಮಂಥ ಕನ್ನಡದ ಹಳ್ಳಿಗಳಲ್ಲಿ, ತೆಲುಗಿನ ಹಳ್ಳಿಗಳಲ್ಲಿ, ದೂರು ಕೇಳುವವನ ಭಾಷೆ ಬೇರೆಯಾಯಿತು. ಬಾಯಲ್ಲಿ ಹೇಳುವುದು ಕನ್ನಡ, ಕಾಗದದಲ್ಲಿ ಇಳಿಯುವುದು ತಮಿಳು.

ಹೊಸೂರೂ ಹಳೆಯ ಹೊಸೂರಾಗಿ ಉಳಿಯಲಿಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು, ಕಾರ್ಖಾನೆಗಳು ಬಂದವು, ನಾನಾ ರಾಜ್ಯಗಳ ಕಾರ್ಮಿಕರು ಬಂದರು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ 1963ರಲ್ಲೇ ಪೊಲೀಸ್ ಕಮಿಷನರ್ ಬಂದಿದ್ದರು. ಹೊಸೂರು ಪಾಲಿಕೆಯಾದಾಗಲೂ ಅದರ ಠಾಣೆಗಳು ಕೃಷ್ಣಗಿರಿ ಎಸ್.ಪಿ.ಯವರ ಅಧೀನದಲ್ಲೇ ಇದ್ದವು. ಒಂದು ಕಡೆ ಕಾರ್ಖಾನೆಗಳ ನಗರ, ಇನ್ನೊಂದು ಕಡೆ ಆನೆ ಓಡಾಡುವ ತಳಿ, ಅಂಚೆಟ್ಟಿಯ ಕಾಡು, ಮತ್ತೊಂದು ಕಡೆ ರಾಜ್ಯದ ಗಡಿ. ಇಲ್ಲಿ ಪೊಲೀಸ್ ಕೆಲಸ ಸುಲಭವಲ್ಲ ಎಂಬುದನ್ನು ನಾವು ಒಪ್ಪಲೇಬೇಕು.

ಬೆಳಕೂ ಕತ್ತಲೂ

ಒಳ್ಳೆಯದನ್ನು ಮೊದಲು ಹೇಳೋಣ. 1992ರಲ್ಲಿ ತಮಿಳುನಾಡಿನ ಮೊದಲ ಮಹಿಳಾ ಪೊಲೀಸ್ ಠಾಣೆ ಚೆನ್ನೈನಲ್ಲಿ ಶುರುವಾಯಿತು. ಮುಂದೆ ಹೊಸೂರು, ಡೆಂಕಣಿಕೋಟೆಗಳಿಗೂ ಮಹಿಳಾ ಠಾಣೆ ಬಂತು. ನಮ್ಮ ಬೆಟ್ಟದೂರುಗಳಲ್ಲಿ ಬಾಲ್ಯವಿವಾಹ ಇಂದಿಗೂ ಪೂರ್ತಿ ನಿಂತಿಲ್ಲ. ಶಾಲೆಗೆ ಬರುತ್ತಿದ್ದ ಹುಡುಗಿ ದಿಢೀರನೆ ನಿಂತುಹೋದರೆ ಶಿಕ್ಷಕರಾದ ನಮ್ಮ ಎದೆ ಧಸಕ್ಕೆನ್ನುತ್ತದೆ. ಅಂಥ ಸಮಯದಲ್ಲಿ 1098ಕ್ಕೆ ಒಂದು ಕರೆ, ಮಹಿಳಾ ಠಾಣೆಯಿಂದ ಒಂದು ಜೀಪು. ಇದರಿಂದ ಒಂದು ಮಗುವಿನ ಬದುಕೇ ಉಳಿಯಬಹುದು.

2016ರ ಸೆಪ್ಟೆಂಬರಿನ ಕಾವೇರಿ ಗಲಭೆ ಯಾರಿಗೆ ನೆನಪಿಲ್ಲ? ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಗಡಿಯಲ್ಲಿ ಬಸ್ಸು ನಿಂತಿತು. ಜನ ಗಂಟುಮೂಟೆ ಹೊತ್ತು, ಮಕ್ಕಳನ್ನು ಎತ್ತಿಕೊಂಡು ಜೂಜುವಾಡಿಯಿಂದ ಅತ್ತಿಬೆಲೆಗೆ, ಅತ್ತಿಬೆಲೆಯಿಂದ ಜೂಜುವಾಡಿಗೆ ನಡೆದೇ ದಾಟಿದರು. ಎರಡೂ ಕಡೆ ಪೊಲೀಸರು ನಿಂತಿದ್ದರು. ಆ ದಿನಗಳಲ್ಲಿ ಖಾಕಿ ಬಟ್ಟೆ ಕಂಡರೆ ಕನ್ನಡಿಗನಿಗೂ ತಮಿಳನಿಗೂ ಸಮಾಧಾನವಾಗುತ್ತಿತ್ತು. 2020ರ ಕೊರೋನಾ ಕಾಲದಲ್ಲಿ ಏಪ್ರಿಲ್ ಕೊನೆಯವರೆಗೂ ನಮ್ಮ ಕೃಷ್ಣಗಿರಿ ತಮಿಳುನಾಡಿನ ಏಕೈಕ ಹಸಿರು ವಲಯದ ಜಿಲ್ಲೆಯಾಗಿತ್ತು. ಬಿಸಿಲಿನಲ್ಲಿ ಗಡಿ ಕಾದ ಪೊಲೀಸರಿಗೂ ಅದರಲ್ಲಿ ಪಾಲಿದೆ.

ಇನ್ನು ಕತ್ತಲೆಯ ಮಾತು. 1992ರ ಜೂನ್ 20. ಆಗ ನಮ್ಮದೂ ಧರ್ಮಪುರಿ ಜಿಲ್ಲೆಯೇ. ಅದೇ ಜಿಲ್ಲೆಯ ಹರೂರು ತಾಲ್ಲೂಕಿನ ವಾಚಾತಿ ಎಂಬ ಬುಡಕಟ್ಟು ಜನರ ಹಳ್ಳಿಗೆ ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಮೂರೂ ಇಲಾಖೆಯವರು ನುಗ್ಗಿದರು. ಮನೆಗಳನ್ನು ಹಾಳು ಮಾಡಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ನ್ಯಾಯ ಸಿಗಲು ಹತ್ತೊಂಬತ್ತು ವರ್ಷ ಬೇಕಾಯಿತು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿ ನ್ಯಾಯಾಲಯ ಎಲ್ಲ 269 ಆರೋಪಿಗಳೂ ತಪ್ಪಿತಸ್ಥರೆಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರಲ್ಲಿ 54 ಮಂದಿ ಸತ್ತೇ ಹೋಗಿದ್ದರು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. 1855ರ ವರದಿ ಹೇಳಿದ್ದು ಏನು? ಎಲ್ಲ ಅಧಿಕಾರ ಒಂದೇ ಕೈಗೆ ಸೇರಿದರೆ, ಬಡವನ ಮಾತು ಕೇಳುವವರೇ ಇಲ್ಲದಿದ್ದರೆ ಕಾವಲುಗಾರನೇ ಕಂಟಕನಾಗುತ್ತಾನೆ. 137 ವರ್ಷದ ಮೇಲೂ ಅದೇ ಪಾಠ! ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಜನರನ್ನು ಜೊತೆಗೆ ಸೇರಿಸಿಕೊಳ್ಳುವ ಪ್ರಯತ್ನವೂ ನಡೆಯಿತು. 1993ರಲ್ಲಿ ರಾಮನಾಥಪುರದಲ್ಲಿ ಎಸ್.ಪಿ. ಆಗಿದ್ದ ಪ್ರತೀಪ್ ಫಿಲಿಪ್ ಅವರು ‘ಫ್ರೆಂಡ್ಸ್ ಆಫ್ ಪೊಲೀಸ್’ ಎಂಬ ಯೋಜನೆ ಶುರು ಮಾಡಿದರು. ಊರಿನ ಯುವಕರು ಪೊಲೀಸರಿಗೆ ನೆರವಾಗುವುದು ಅದರ ಉದ್ದೇಶ. ಅದು ತಮಿಳುನಾಡಿನಾದ್ಯಂತ ಹರಡಿತು. ಆದರೆ 2020ರಲ್ಲಿ ಸಾತಾನ್‌ಕುಳಂ ಠಾಣೆಯ ಕ್ರೌರ್ಯದಿಂದ ತಂದೆ ಮಗ ಇಬ್ಬರೂ ಸತ್ತ ಮೇಲೆ, ಅದೇ ಜುಲೈನಲ್ಲಿ ಸರ್ಕಾರ ಈ ಯೋಜನೆಯನ್ನು ನಿಷೇಧಿಸಿತು. ಸ್ನೇಹ ಎಂಬ ಹೆಸರಿಟ್ಟ ಮಾತ್ರಕ್ಕೆ ಸ್ನೇಹ ಬಾರದು.

ನಾಲ್ಕು ಕುರಿಗಳ ಕಥೆ

ಹಾಗಾದರೆ ಪೊಲೀಸ್ ಮತ್ತು ಜನರ ನಡುವಿನ ಸ್ನೇಹ ಎಲ್ಲಿಂದ ಶುರುವಾಗುತ್ತದೆ? ನಾವು ಕಣ್ಣಾರೆ ಕಂಡ ಒಂದು ಸಣ್ಣ ಘಟನೆ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾತನ ನಾಲ್ಕು ಕುರಿ ಕಳುವಾದವು. ತಾತನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. "ಮೇಷ್ಟ್ರೇ, ನೀವೂ ಬನ್ನಿ" ಎಂದು ಕರೆದರು. ಮೂವರೂ ಠಾಣೆಗೆ ಹೋದೆವು. ಅಲ್ಲಿದ್ದ ಪೇದೆ ಒಳ್ಳೆಯವರೇ, ಕೂರಿಸಿ ನೀರು ಕೊಟ್ಟರು. ತಾತ ಹೇಳುತ್ತಾ ಹೋದರು, ಅವರು ಬರೆಯುತ್ತಾ ಹೋದರು. ನಡುವೆ "ಆಡು ದಾನೇ?" ಎಂದು ಕೇಳಿದರು. ತಾತ "ಆಡಲ್ಲ ಸ್ವಾಮಿ, ಕುರಿ, ಕುರಿ!" ಎಂದರು. ಅವರು ತಲೆಯಾಡಿಸಿ ಬರೆದುಕೊಂಡರು. ಹೆಬ್ಬೆಟ್ಟು ಒತ್ತುವ ಮುನ್ನ ಹುಡುಗಿ ಕಾಗದ ಇಸಿದುಕೊಂಡು ಓದಿದಳು. "ತಾತಾ, ಇದರಲ್ಲಿ ವೆಳ್ಳಾಡು ಅಂತ ಬರೆದಿದೆ. ಅಂದ್ರೆ ಮೇಕೆ!"

ತಮಿಳಿನಲ್ಲಿ ‘ಆಡು’ ಎಂದರೆ ಕುರಿಯೂ ಹೌದು, ಮೇಕೆಯೂ ಹೌದು. ಕುರಿಗೆ ‘ಚೆಮ್ಮರಿ ಆಡು’, ಮೇಕೆಗೆ ‘ವೆಳ್ಳಾಡು’. ಕನ್ನಡದಲ್ಲಿ ಆಡು ಎಂದರೆ ಮೇಕೆ ಮಾತ್ರ. ‘ಕುರಿ’ ಎಂದರೆ ತಮಿಳಿನಲ್ಲಿ ಗುರುತು, ಗುರಿ ಎಂಬ ಅರ್ಥ! ಯಾರ ತಪ್ಪೂ ಇಲ್ಲ, ಆದರೆ ಕಾಗದದಲ್ಲಿ ಕುರಿ ಹೋಗಿ ಮೇಕೆಯಾಗಿತ್ತು. ನಾಳೆ ಸಂತೆಯಲ್ಲಿ ಆ ಕುರಿಗಳು ಸಿಕ್ಕಿದರೂ ‘ನೀನು ದೂರು ಕೊಟ್ಟದ್ದು ಮೇಕೆಗೆ’ ಎಂದರೆ ತಾತ ಏನು ಮಾಡಬೇಕಿತ್ತು? ಪೇದೆಯವರು ನಕ್ಕು, ತಿದ್ದಿ ಬರೆದು, ಹುಡುಗಿಯ ಬೆನ್ನು ತಟ್ಟಿದರು.

2006ರ ತಮಿಳು ಕಲಿಕೆ ಕಾಯಿದೆಯಿಂದ ನಮ್ಮ ಕನ್ನಡ ಶಾಲೆಗಳಿಗೆ ನೋವಾಗಿದೆ, ಕೋರ್ಟು ಕಚೇರಿಯೂ ಆಗಿದೆ. ಆ ಮಾತು ಬೇರೆ. ಆದರೆ ಅಂದು ಕನ್ನಡ ಬಲ್ಲ, ತಮಿಳೂ ಓದಬಲ್ಲ ಆ ಮಗು ತಾತನ ಮಾತಿಗೆ ಕಾವಲಾಗಿ ನಿಂತಿತು. ನಮಗೆ ವೀರಗಲ್ಲು ನೆನಪಾಯಿತು.

ನಾವು ತಿಳಿದಿರಬೇಕಾದದ್ದು

ಕಾನೂನು ನಮ್ಮ ಕೈಗೆ ಕೊಟ್ಟಿರುವುದು ಕಡಿಮೆಯೇನಲ್ಲ. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಗಂಭೀರ ಅಪರಾಧದ ದೂರು ಬಂದರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿ ಮೂರು ಮುಖ್ಯ ಮಾತುಗಳಿವೆ.

ಮೊದಲನೆಯದು, ಬಾಯಿಮಾತಿನ ದೂರನ್ನು ಬರೆದುಕೊಂಡು, ದೂರು ಕೊಟ್ಟವರಿಗೆ ಓದಿ ಹೇಳಬೇಕು. ಇದು ಹಳೆಯ ಕಾನೂನಿನಲ್ಲೂ ಇತ್ತು. ಎರಡನೆಯದು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮೂರನೆಯದು, ಘಟನೆ ಯಾವ ಸರಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಬಸ್ಸಿನಲ್ಲಿ ಚೀಲ ಕಳುವಾದರೆ ‘ಅದು ಕರ್ನಾಟಕದ್ದು’, ‘ಅದು ತಮಿಳುನಾಡಿನದ್ದು’ ಎಂಬ ಮಾತು ಕೇಳಿ ಕೇಳಿ ಸುಸ್ತಾದ ಗಡಿಯ ಜನಕ್ಕೆ ಇದು ದೊಡ್ಡ ವಿಷಯ.

ಆದರೆ ಓದಿ ಹೇಳಿದ್ದು ಅರ್ಥವಾಗದಿದ್ದರೆ ಓದಿ ಏನು ಪ್ರಯೋಜನ? ನಮ್ಮ ಸೀಮೆಯ ಪ್ರತಿ ಠಾಣೆಯಲ್ಲೂ ಕನ್ನಡ ಬಲ್ಲವರೊಬ್ಬರು, ತೆಲುಗು ಬಲ್ಲವರೊಬ್ಬರು ಇರುವಂತೆ ಇಲಾಖೆ ನೋಡಿಕೊಳ್ಳಬೇಕು. ಇದು ಯಾವ ಭಾಷೆಗೂ ವಿರೋಧವಲ್ಲ, ಪೊಲೀಸರ ಕೆಲಸವೇ ಇದರಿಂದ ಸುಲಭವಾಗುತ್ತದೆ. ನಮ್ಮ ಪಾಲಿನ ಕೆಲಸವೂ ಇದೆ. ಪತ್ರಲೇಖನದ ಪಾಠದಲ್ಲಿ ರಜೆ ಅರ್ಜಿಯನ್ನು ಮಾತ್ರ ಕಲಿಸದೆ ದೂರು ಬರೆಯುವುದನ್ನೂ ಕಲಿಸೋಣ. ಯಾವ ದಿನ, ಎಷ್ಟು ಗಂಟೆ, ಯಾವ ಜಾಗ, ಏನಾಯಿತು, ಯಾರು ನೋಡಿದರು, ಇಷ್ಟನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆಯಲು ಬಂದರೆ ಸಾಕು. 112, 1098 ಸಂಖ್ಯೆಗಳು ಪ್ರತಿ ಮಗುವಿನ ಬಾಯಲ್ಲಿರಲಿ. ವರ್ಷಕ್ಕೊಮ್ಮೆ ಠಾಣೆಯವರನ್ನು ಶಾಲೆಗೆ ಕರೆಯೋಣ, ಮಕ್ಕಳನ್ನು ಠಾಣೆಗೆ ಕರೆದೊಯ್ಯೋಣ. ಭಯ ಹೋದರೆ ಗೌರವ ತಾನಾಗಿ ಬರುತ್ತದೆ.

ಸಾವಿರ ವರ್ಷದ ಹಿಂದಿನ ವೀರ ಊರಿನ ದನ ಕಾಯಲು ಪ್ರಾಣ ಕೊಟ್ಟ. ಇಂದು ನಾವು ಪ್ರಾಣ ಕೊಡಬೇಕಾಗಿಲ್ಲ. ನಮ್ಮ ನೆರೆಯವರೊಬ್ಬರು ಠಾಣೆಗೆ ಹೊರಟಾಗ ಜೊತೆಗೆ ಹೋಗಿ, ಬರೆದದ್ದನ್ನು ಓದಿ ಹೇಳಿದರೆ ಸಾಕು. ನೀವೂ ನಿಮ್ಮೂರಿನ ಹಿರಿಯರನ್ನು ಕೇಳಿ, ತಳವಾರರ, ಮುನ್ಸೀಫರ ಕಾಲದ ನೆನಪುಗಳನ್ನು ಮಕ್ಕಳಿಂದ ಬರೆಸಿ ಇಡಿ. ಆ ಹಿರಿಯರ ಜೊತೆಗೇ ಆ ಕಥೆಗಳೂ ಹೋಗಿಬಿಡಬಾರದು.